ನೂರಕ್ಕೆ ನೂರು ಹೆಬ್ಬೆರಳು

ಆ ವರ್ಷವಿಡೀ ಶಾಲೆ ಬಿಟ್ಟ ಮೇಲೆ ನಾನು ಮಾಡುತ್ತಿದ್ದ ಕೆಲಸವೆಂದರೆ ಹೆಬ್ಬೆರಳು ಎಣಿಸುವುದು. ಶಾಯಿ ಹಚ್ಚಿ ಒತ್ತುವ ಹೆಬ್ಬೆರಳಲ್ಲ, ಮೊಬೈಲಿನಲ್ಲಿ ಮೂಡುವ ಹಳದಿ ಹೆಬ್ಬೆರಳು. ಸವಣೂರು ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ವಿಜ್ಞಾನದ ಮಾಸ್ತರ. ಹತ್ತನೇ ವರ್ಗದ ಪಾಲಕರನ್ನೆಲ್ಲ ಸೇರಿಸಿ ಮೊಬೈಲ್ ಗ್ರೂಪ್ ಮಾಡಿದವನು ನಾನೇ. ಯಾರೂ ಹೇಳಿ ಮಾಡಿಸಿದ್ದಲ್ಲ. ಈಗ ತಪ್ಪನ್ನು ಯಾರ ಮೇಲಾದರೂ ಹಾಕೋಣವೆಂದರೆ ಅದಕ್ಕೂ ದಾರಿಯಿಲ್ಲ.

ಅದಕ್ಕೆ ಮೊದಲು ನಮ್ಮಲ್ಲಿ ನೋಟಿಸ್ ಪುಸ್ತಕವಿತ್ತು. ಕೆಂಪು ರಟ್ಟಿನ ಉದ್ದನೆಯ ಪುಸ್ತಕ. ಮುಖ್ಯೋಪಾಧ್ಯಾಯರು ಅದರಲ್ಲಿ ಸೂಚನೆ ಬರೆಯುವರು, ಸಿಪಾಯಿ ಅದನ್ನು ವರ್ಗದಿಂದ ವರ್ಗಕ್ಕೆ ಒಯ್ಯುವನು, ನಾವು ಪಾಠ ನಿಲ್ಲಿಸಿ ಓದಿ ಸಹಿ ಹಾಕುವೆವು. ಪಾಲಕರಿಗೆ ಮುಟ್ಟಬೇಕಾದ ಸಂಗತಿಯಾದರೆ ಸಿಪಾಯಿ ಸೈಕಲ್ ಹತ್ತಿ ಅವರ ಮನೆಗೇ ಹೋಗುವನು. ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದುವನು. ಆಮೇಲೆ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಕೇಳುವನು: "ಏನ್ ತಿಳೀತು ಹೇಳ್ರಿ ನೋಡೂಣು." ಪಾಲಕರು ತಮ್ಮ ಬಾಯಿಂದ ಅದನ್ನು ತಿರುಗಿ ಹೇಳಿದ ಮೇಲೆಯೇ ಸಹಿಗೆ ಪುಸ್ತಕ ಚಾಚುವನು. ಸಹಿ ಬಾರದವರಿಂದ ಹೆಬ್ಬೆಟ್ಟು. ತಪ್ಪು ಹೇಳಿದರೆ ಮತ್ತೆ ಮೊದಲಿನಿಂದ ಓದುವನು. "ಏನ್ರಿ, ನಮಗಿಂತ ಜೋರ ಪರೀಕ್ಷಾ ತಗೋತೀರಿ" ಎಂದು ನಾವೆಲ್ಲ ಅವನನ್ನು ಆಡಿಕೊಂಡದ್ದುಂಟು. ಹತ್ತು ಮನೆ ಮುಗಿಸಲು ಅವನಿಗೆ ಒಂದು ದಿನ ಬೇಕು. ನನಗೆ ಅದು ಕಾಲಹರಣವಾಗಿ ಕಂಡಿತು.

ಜೂನ್‌ನಲ್ಲಿ ಗ್ರೂಪ್ ಶುರುವಾಯಿತು, ಪುಸ್ತಕ ಕಪಾಟು ಸೇರಿತು. "ನಿಮಗ ಆರಾಮ ಆತ್ ಬಿಡ್ರಿ, ಇನ್ನ ಸೈಕಲ್ ಹೊಡ್ಯೂದಿಲ್ಲ" ಎಂದೆ ಸಿಪಾಯಿಗೆ.

"ನನಗೇನೋ ಆರಾಮ ಆತ್ರಿ ಸರ್" ಎಂದ. "ಆದ್ರ ತಿಳೀತೋ ಇಲ್ಲೋ ಅಂತ ಕೇಳೋರು ಯಾರ್ರಿ?"

"ಅದಕ್ಕ ಗುರುತು ಐತಿ" ಎಂದು ಮೊಬೈಲಿನಲ್ಲಿ ಹೆಬ್ಬೆರಳನ್ನು ತೋರಿಸಿದೆ. ಅವನು ಕನ್ನಡಕ ಏರಿಸಿ ನೋಡಿ, ಗಂಟೆ ಹೊಡೆಯಲು ಹೋದ.

ಮೊದಲ ತಿಂಗಳು ಯಾರೂ ಹೆಬ್ಬೆರಳು ಎತ್ತಲಿಲ್ಲ. ಆಗ ನಾನೊಂದು ಉಪಾಯ ಹೂಡಿದೆ. ರಾತ್ರಿ ಎಂಟರೊಳಗೆ ಗುರುತು ಹಾಕದವರ ಹೆಸರುಗಳನ್ನು ಮರುದಿನ ಬೆಳಿಗ್ಗೆ ಅದೇ ಗ್ರೂಪಿನಲ್ಲಿ ಹಾಕತೊಡಗಿದೆ, "ಸ್ಪಂದಿಸದ ಪಾಲಕರು" ಎಂಬ ತಲೆಬರಹದಡಿ. ನಾಲ್ಕು ಮಂದಿಯ ನಡುವೆ ಹೆಸರು ಕೆಡುವುದು ಯಾರಿಗೆ ಬೇಕು? ಎರಡು ವಾರದಲ್ಲಿ ಎಲ್ಲ ಸರಿಹೋಯಿತು. ಮನೆಗೆಲಸ, ಪಾಠದ ವಿಡಿಯೋ, ಶಾಲೆಯ ಫೋಟೋ, ಗಣ್ಯರ ಭೇಟಿ, ಏನೇ ಹಾಕಲಿ, ಹೆಬ್ಬೆರಳುಗಳು ಸಾಲಾಗಿ ಎದ್ದು ನಿಲ್ಲುತ್ತಿದ್ದವು. ನಾನು ಒಂದು ತಖ್ತೆ ಮಾಡಿದ್ದೆ. ವಿದ್ಯಾರ್ಥಿಯ ಹೆಸರು, ಪಾಲಕರ ನಂಬರು, ಸಂದೇಶ ಹೋದ ಸಮಯ, ಗುರುತು ಬಂದ ಸಮಯ. ಪ್ರತಿ ಶನಿವಾರ ಅದನ್ನು ಇಲಾಖೆಯ ಮೇಲಿನವರಿಗೆ ಕಳಿಸುತ್ತಿದ್ದೆ. ಕೊನೆಯ ಕಾಲಂನಲ್ಲಿ ಒಂದೇ ಮಾತು: ಪಾಲಕರ ಸ್ಪಂದನೆ ನೂರಕ್ಕೆ ನೂರು. ಒಮ್ಮೆ ನಮ್ಮ ನಿವೃತ್ತ ಗುರುಗಳೊಬ್ಬರು ತೀರಿಕೊಂಡ ಸುದ್ದಿ ಹಾಕಿದಾಗಲೂ ಹೆಬ್ಬೆರಳುಗಳು ಹಾಗೆಯೇ ಎದ್ದವು. ಸ್ಟಾಫ್ ರೂಮಿನಲ್ಲಿ ಅದನ್ನು ತೋರಿಸಿಕೊಂಡು ನಕ್ಕೆವು. ಅವತ್ತೇ ತಿಳಿಯಬೇಕಿತ್ತು.

ವರ್ಗಕೋಣೆಗೂ ಅದೇ ವರ್ಷ ದೊಡ್ಡ ಪರದೆ ಬಂತು. ನಾನು ಮೊದಲು ಕಣ್ಣಿನ ಚಿತ್ರವನ್ನು ನಾಲ್ಕು ಬಣ್ಣದ ಸೀಮೆಸುಣ್ಣದಲ್ಲಿ ಬಿಡಿಸುತ್ತಿದ್ದೆ. ಬಿಡಿಸುವಾಗಲೇ ಮಕ್ಕಳು ಪ್ರಶ್ನೆ ಕೇಳುತ್ತಿದ್ದರು, ಯಾಕೆಂದರೆ ಬಿಡಿಸಲು ಹೊತ್ತು ಹಿಡಿಯುತ್ತಿತ್ತು. ಪರದೆಯಲ್ಲಿ ಕಣ್ಣು ತಾನೇ ತಿರುಗುತ್ತದೆ, ತಾನೇ ಸೀಳಿಕೊಳ್ಳುತ್ತದೆ, ತಾನೇ ಮಾತಾಡುತ್ತದೆ. ವಿಡಿಯೋ ಹಚ್ಚಿ ನಾನು ಮೂಲೆಯಲ್ಲಿ ಕುಳಿತು ತಖ್ತೆ ತುಂಬುತ್ತಿದ್ದೆ.

ಒಂದು ದಿನ ವಿಡಿಯೋ ಮುಗಿದ ಕೂಡಲೇ ಎರಡನೇ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. ವರ್ಗದಲ್ಲಿ ಎಲ್ಲರಿಗಿಂತ ಚುರುಕು ಇವಳೇ. "ಸರ್, ಕಣ್ಣಾಗ ಚಿತ್ರ ತಲಿಕೆಳಗ ಬೀಳ್ತೈತಿ ಅಂದ್ರಲ್ರಿ. ಹಂಗಾದ್ರ ಆಗಷ್ಟ ಹುಟ್ಟಿದ ಕೂಸಿಗೆ ಅವ್ವ ತಲಿಕೆಳಗ ಕಾಣ್ತಾಳೇನ್ರಿ?"

"ವಿಡಿಯೋ ಮತ್ತೊಮ್ಮೆ ಸರಿಯಾಗಿ ನೋಡು, ಅದರಾಗ ಇರ್ತೈತಿ" ಎಂದೆ, ತಲೆ ಎತ್ತದೆ.

"ನೋಡೀನ್ರಿ. ಅದರಾಗ ಇಲ್ರಿ. ಅದಕ್ಕ ತಿರುಗಿ ಕೇಳಾಕೂ ಬರೂದಿಲ್ಲಲ್ರಿ."

ವರ್ಗ ನಕ್ಕಿತು. ಸಂಜೆ ಲಿಂಕ್ ಕಳಿಸುತ್ತೇನೆಂದು ಹೇಳಿ ಕೂಡಿಸಿದೆ. ಸಂಜೆ ಯಾವುದೋ ಒಂದು ಲಿಂಕ್ ಕಳಿಸಿಯೂ ಕಳಿಸಿದೆ. ಅವಳ ಅಪ್ಪನ ನಂಬರಿನಿಂದ ನಿಮಿಷದೊಳಗೆ ಹೆಬ್ಬೆರಳು ಬಂತು. ಆ ಹುಡುಗಿಗೆ ಉತ್ತರ ಮುಟ್ಟಿತೆಂದು ತಖ್ತೆಯಲ್ಲಿ ಬರೆದುಕೊಂಡೆ.

ಅವಳ ಅಪ್ಪ ಎಲೆ ವ್ಯಾಪಾರಿ. ತೋಟದವರಿಂದ ವೀಳ್ಯದೆಲೆ ಹಿಡಿದು, ಬುಟ್ಟಿಗೆ ಒದ್ದೆ ಗೋಣಿ ಮುಚ್ಚಿ, ಒಂದು ದಿನ ಶಿಗ್ಗಾಂವ, ಒಂದು ದಿನ ಹಾನಗಲ್ಲು ಎಂದು ಬಸ್ಸಿನಲ್ಲಿ ತಿರುಗುವ ಮನುಷ್ಯ. ನಾಲ್ಕನೇ ಇಯತ್ತೆಯವರೆಗೆ ಉರ್ದು ಶಾಲೆಯಲ್ಲಿ ಕಲಿತವನು. ಉರ್ದು ಪತ್ರಿಕೆ ಓದುತ್ತಾನೆ, ಕನ್ನಡ ಚೆನ್ನಾಗಿ ಆಡುತ್ತಾನೆ, ಓದಲು ಬಾರದು. ಮನೆಗೆಲ್ಲ ಇದ್ದ ಒಂದೇ ಫೋನು ಅವನ ಅಂಗಿಯ ಜೇಬಿನಲ್ಲಿ. ಇದಿಷ್ಟನ್ನೂ ನಾನು ಆಮೇಲೆ ತಿಳಿದುಕೊಂಡೆ. ನನ್ನ ತಖ್ತೆಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಹತ್ತನೆಯ ಪರೀಕ್ಷೆ ಮುಗಿದ ಮೇಲೆ ಹೆಣ್ಣುಮಕ್ಕಳ ವಸತಿ ಕಾಲೇಜೊಂದರ ವಿಜ್ಞಾನ ವಿಭಾಗಕ್ಕೆ ಆಯ್ಕೆ ಪರೀಕ್ಷೆ ನಡೆಯಿತು. ನಮ್ಮ ಶಾಲೆಯಿಂದ ಆಯ್ಕೆಯಾದವಳು ಅವಳೊಬ್ಬಳೇ. ಅಪ್ಪನನ್ನು ಒಪ್ಪಿಸಲು ಮುಖ್ಯೋಪಾಧ್ಯಾಯರು ಅವನನ್ನು ಶಾಲೆಗೆ ಕರೆಸಿದ್ದರು. ಅವನು ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡ.

"ದಿನಾ ಬಸ್ಸಿನಾಗ ಹೋಗಿ ಬರೂದಿದ್ರ ನಾ ಕಳಸೂದಿಲ್ರಿ" ಎಂದ. "ಬಸ್ಸಿನಾಗಿನ ಗದ್ದಲ ನಾ ದಿನಾ ನೋಡಾಕತ್ತೇನ್ರಿ. ಆದ್ರ ಇದು ಹೆಣ್ಣುಮಕ್ಕಳದ್ದ ಹಾಸ್ಟೆಲ್ಲು, ಬಾಗಲಕ್ಕ ಕಾವಲ ಐತಿ ಅಂತೀರಿ. ನೀವು ಹೇಳಿದ ಮ್ಯಾಲ ಮುಗೀತ್ರಿ. ಕಳಸ್ತೇನ್ರಿ."

ಹುಡುಗಿ ಬಾಗಿಲ ಹೊರಗೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಅವಳ ಮುಂದೆ ತೆರೆದಿದ್ದ ದಾರಿ ಅದೊಂದೇ. ಅದು ನಮಗೆಲ್ಲರಿಗೂ ಗೊತ್ತಿತ್ತು.

ಮೂಲ ದಾಖಲೆಗಳ ಪರಿಶೀಲನೆ ಮೇ ಕೊನೆಯ ಸೋಮವಾರ ಹಾವೇರಿಯಲ್ಲಿ ಎಂದು ನಿಗದಿಯಾಗಿತ್ತು. ಹಿಂದಿನ ಮಂಗಳವಾರ ಸಂಜೆ ನನ್ನ ಮೊಬೈಲಿಗೆ ಒಂದು ಪಿಡಿಎಫ್ ಬಂತು. ಪರಿಶೀಲನೆ ಸೋಮವಾರದ ಬದಲು ಇದೇ ಗುರುವಾರ. ಬಾರದವರ ಸೀಟು ಖಾಲಿಯೆಂದು ತಿಳಿಯಲಾಗುವುದು. ನಾನು ಅದನ್ನು ಗ್ರೂಪಿಗೆ ಹಾಕಿ, ಕೆಳಗೆ "ಸಂಬಂಧಿಸಿದ ಪಾಲಕರು ಗಮನಿಸಿ" ಎಂದು ಬರೆದೆ. ಫೋನ್ ಮಾಡಿಯೂ ಹೇಳೋಣವೆಂದು ಅವಳಪ್ಪನ ನಂಬರು ತೆಗೆದೆ. ಅಷ್ಟರಲ್ಲಿ ಅದೇ ನಂಬರಿನಿಂದ ಹೆಬ್ಬೆರಳು ಎದ್ದಿತು. ಫೋನ್ ಕೆಳಗಿಟ್ಟು ಚಹಾ ಕುಡಿದೆ.

ಮರುದಿನ ನಮ್ಮ ಬೇಸಿಗೆ ಶಿಬಿರದ ಫೋಟೋಗಳನ್ನು ಅದೇ ಗ್ರೂಪಿಗೆ ಸುರಿದೆ. ಒಂದಲ್ಲ ಎರಡಲ್ಲ, ಅರವತ್ತು ಫೋಟೋ.

ಸೋಮವಾರ ಮಧ್ಯಾಹ್ನ ಅಪ್ಪ ಮಗಳಿಬ್ಬರೂ ನೇರ ಹಾವೇರಿಯಿಂದ ಶಾಲೆಗೆ ಬಂದರು. ಹುಡುಗಿ ಹೊಸ ಬಟ್ಟೆಯಲ್ಲಿದ್ದಳು. ದಾಖಲೆಗಳ ಚೀಲವನ್ನು ಎದೆಗೆ ಅವಚಿಕೊಂಡಿದ್ದಳು. ಗುರುವಾರವೇ ಮುಗಿದುಹೋಯಿತೆಂದು ಅಲ್ಲಿ ಹೇಳಿದರಂತೆ.

"ಗ್ರೂಪಿಗೆ ಹಾಕಿದ್ನಲ್ರಿ!" ಎಂದೆ. ನನ್ನ ಬಾಯಿಂದ ಮೊದಲು ಬಂದ ಮಾತು ಇದು. ಮೊಬೈಲ್ ತೆಗೆದು ಅವನ ಹೆಬ್ಬೆರಳನ್ನು ಅವನಿಗೇ ತೋರಿಸಿದೆ. "ನೋಡ್ರಿ, ನೀವೇ ಒತ್ತೀರಿ."

ಅವನು ಮೊಬೈಲ್ ನೋಡಲಿಲ್ಲ, ನನ್ನ ಮುಖ ನೋಡಿದ. "ಹೌದ್ರಿ, ಒತ್ತೇನ್ರಿ. ಹಿಂದಕೊಮ್ಮೆ ನನ್ನ ಹೆಸರು ಬರದಿದ್ರಿ, ಜವಾಬು ಕೊಡಲಾರದೋರು ಅಂತ. ಬಾಜೂ ಅಂಗಡಿಯವ ಎಲ್ಲಾರ ಮುಂದ ಓದಿ ಹೇಳಿದ. ನನಗ ಭಾಳ ಶರಮ್ ಆತ್ರಿ. ಮಾಸ್ತರು ಸಲಾಂ ಅಂದ್ರ ತಿರುಗಿ ಸಲಾಂ ಅನ್ನಲಿಲ್ಲ ಅಂದಂಗ ಆತಲ್ರಿ ಅದು. ಅವತ್ತಿನಿಂದ ನಿಮ್ಮದು ಏನ ಬರಲಿ, ಬಸ್ಸಿನಾಗಿದ್ರೂ ಸೈತ, ಕೈಯಾಗಿನ ಎಲಿ ಕೆಳಗಿಟ್ಟು ಒತ್ತೇನ್ರಿ. ಒಂದೂ ಬಿಟ್ಟಿಲ್ರಿ."

"ಓದಿಸಿ ಕೇಳಬೇಕಿತ್ತಲ್ರಿ ಯಾರಿಂದರೆ."

"ದಿನಕ್ಕ ನಲವತ್ತ ಬರ್ತಾವ್ರಿ. ಯಾರ ಕೈಲೆ ಓದಸ್ಲಿ? ಮನಿಗೆ ಬಂದಾಗ ಇಕಿ ನೋಡ್ತಿದ್ಲು. ಆ ವಾರ ಇಕಿ ಬಂಕಾಪುರಕ್ಕ ಸೋದರತ್ತಿ ಮನಿಗೆ ಹೋಗಿದ್ಲ್ರಿ, ಅಲ್ಲಿ ಶಾದಿ ಇತ್ತು."

ಹುಡುಗಿ ಮೆಲ್ಲಗೆ ಹೇಳಿದಳು: "ಭಾನುವಾರ ಬಂದು ಫೋನ್ ನೋಡಿದ್ನ್ರಿ ಸರ್. ಬರೀ ಫೋಟೋ ಇದ್ವುರಿ. ಕೆಳಗಿನಿಂದ ಮ್ಯಾಲ ಹೋದಂಗ ಫೋಟೋನ ಬಂದ್ವುರಿ. ನಾ ಬಿಟ್ಟುಬಿಟ್ಟೆ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಮತ್ತೂ ಒಂದೆರಡು ಮಾತು ನೆಟ್‌ವರ್ಕಿನ ಮೇಲೆ, ಪಿಡಿಎಫ್ ತೆರೆಯದಿರುವುದರ ಮೇಲೆ ಹಾಕಿದೆ. ಬಾಗಿಲ ಬಳಿ ನಿಂತಿದ್ದ ಸಿಪಾಯಿ ಅಷ್ಟನ್ನೂ ಕೇಳಿದ. ಹೋಗಿ ಅವರಿಬ್ಬರಿಗೂ ನೀರು ತಂದುಕೊಟ್ಟ. ನನ್ನ ಕಡೆ ನೋಡಲಿಲ್ಲ. ಆ ನೋಡದಿರುವುದು ನನಗೆ ಕಪಾಳಕ್ಕೆ ಬಿದ್ದಂತಾಯಿತು.

ಮಂಗಳವಾರ ಅಪ್ಪ ಮಗಳನ್ನು ಕರೆದುಕೊಂಡು ನಾನೇ ಹಾವೇರಿಗೆ ಹೋದೆ. ಆಯ್ಕೆಯ ಹೊಣೆ ಹೊತ್ತ ಅಧಿಕಾರಿ ಕೆಟ್ಟವರಲ್ಲ. ಎಲ್ಲವನ್ನೂ ಕೇಳಿದರು. ಖಾಲಿ ಉಳಿದ ಸೀಟುಗಳ ಎರಡನೇ ಪಟ್ಟಿ ಶುಕ್ರವಾರ ಬೆಳಿಗ್ಗೆ ಹೊರಬೀಳುತ್ತದೆ, ಅದಕ್ಕೆ ಮೊದಲು ಪಾಲಕರಿಗೆ ಸೂಚನೆ ಮುಟ್ಟಿರಲಿಲ್ಲವೆಂದು ಶಾಲೆ ಬರೆದುಕೊಟ್ಟರೆ ವಿಚಾರ ಮಾಡಬಹುದು ಎಂದರು. ಆಮೇಲೆ ಕಂಪ್ಯೂಟರ್ ತಿರುಗಿಸಿ ತೋರಿಸಿದರು. ಅಲ್ಲಿದ್ದದ್ದು ಶನಿವಾರ ನಾನೇ ಮೇಲಕ್ಕೆ ಕಳಿಸಿದ್ದ ತಖ್ತೆ. ಹುಡುಗಿಯ ಹೆಸರು, ಸಂದೇಶ ಹೋದ ಸಮಯ, ಗುರುತು ಬಂದ ಸಮಯ, ನೂರಕ್ಕೆ ನೂರು.

"ಇದು ಖರೆ ಇದ್ರ ಅವರಿಗೆ ಮುಟ್ಟೇತಿ ಅಂತ ಆತು" ಎಂದರು. "ಮುಟ್ಟಿಲ್ಲ ಅನ್ನೋದಾದ್ರ ಇದು ಸುಳ್ಳು ಅಂತ ನೀವು ಬರೀಬೇಕಾಗ್ತೈತಿ ಸರ್. ಒಂದು ದಿನದ್ದಲ್ಲ, ವರ್ಷದ್ದು."

ಬರೆಯುತ್ತೇನೆ ಎಂದೆ. ಅಪ್ಪ ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡ.

ಬರೆಯಲಿಲ್ಲ. ಬುಧವಾರ, ಗುರುವಾರ ಶಿಗ್ಗಾಂವದಲ್ಲಿ ತರಬೇತಿಯಿತ್ತು. ಹಾನಗಲ್ಲು, ಶಿಗ್ಗಾಂವ, ಸವಣೂರು, ಹಿರೇಕೆರೂರು, ನಾಲ್ಕೂ ತಾಲೂಕಿನ ಶಿಕ್ಷಕರಿಗೆ ನನ್ನ ತಖ್ತೆಯನ್ನು ಮಾದರಿಯೆಂದು ಕಲಿಸುವ ತರಬೇತಿ, ಕಲಿಸುವವನು ನಾನೇ. ಮುಖ್ಯೋಪಾಧ್ಯಾಯರಿಗೆ ಹೇಳಿದಾಗ ಅವರು ಹಣೆ ಒತ್ತಿಕೊಂಡರು. "ಬರೀಬ್ಯಾಡ್ರಿ ಅನ್ನೂದಿಲ್ಲ ನಾ. ಎರಡು ದಿನ ತಡೀರಿ. ತರಬೇತಿ ಮುಗೀಲಿ. ಇವತ್ತ ಬರದ್ರ ನಾಳೆ ಯಾವ ಮುಖ ಇಟ್ಕೊಂಡು ನಿಲ್ತೀರಿ ಅಲ್ಲಿ?" ಅವರು ಹಾಗೆ ಹೇಳದಿದ್ದರೆ ನಾನೇ ಹಾಗೆಂದು ಹೇಳಿಸುತ್ತಿದ್ದೆನೇನೋ. ಶುಕ್ರವಾರದವರೆಗೆ ಸಮಯವಿದೆಯಲ್ಲ ಎಂದುಕೊಂಡೆ.

ಎರಡನೆಯ ದಿನ ಹಿರೇಕೆರೂರು ಕಡೆಯ ಶಿಕ್ಷಕಿಯೊಬ್ಬರು ಎದ್ದು ನಿಂತರು. ವಯಸ್ಸಾದವರು, ಚಿಕ್ಕೇರೂರಿನಿಂದ ಬಂದಿದ್ದರು. "ಸರ್, ಒಂದು ಕೇಳ್ತೇನ್ರಿ. ಹೆಬ್ಬೆರಳು ಒತ್ತಿದೋರು ಅದನ್ನ ಓದ್ಯಾರ ಅಂತ ಹೆಂಗ ಗೊತ್ತಾಗ್ತೈತ್ರಿ?"

ಆ ಪ್ರಶ್ನೆಯ ಉತ್ತರ ಆ ಸಭಾಂಗಣದಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಸೋಮವಾರ ಹೊಸ ಬಟ್ಟೆ ತೊಟ್ಟು ಚೀಲ ಅವಚಿಕೊಂಡು ನಿಂತಿದ್ದ ಹುಡುಗಿಯೇ ಆ ಉತ್ತರ. ನಾನು ಮೈಕಿನಲ್ಲಿ ಹೇಳಿದೆ: "ಓದದ ಯಾಕ ಒತ್ತತಾರ್ರಿ ಅಕ್ಕಾರ? ಬೆರಳು ತುರಸ್ತೈತೇನು?"

ಜನ ನಕ್ಕರು. ಅವರು ಕೆಂಪಗಾಗಿ ಕುಳಿತರು. ಎದುರಿನ ಸಾಲಿನಲ್ಲಿದ್ದ ತರಬೇತಿಯ ಅಧಿಕಾರಿಯೊಬ್ಬರು ಚಪ್ಪಾಳೆ ತಟ್ಟಿದರು. ನನ್ನ ವೃತ್ತಿಯಲ್ಲಿ ನಾನು ಆಡಿದ ಅತ್ಯಂತ ಹೇಸಿಗೆಯ ಮಾತು ಅದು. ಅವತ್ತು ನನಗೆ ಶಾಲು ಹೊದಿಸಿದರು.

ಸಂಜೆ ಸವಣೂರಿನ ಬಸ್ಸಿನಲ್ಲಿ ಸೀಟಿನ ಕೆಳಗೆ ಯಾರದೋ ಎಲೆಬುಟ್ಟಿಯಿತ್ತು. ಒದ್ದೆ ಗೋಣಿಯ ವಾಸನೆ ಬರುತ್ತಿತ್ತು. ಆ ವಾಸನೆಯಲ್ಲಿ ಇಡೀ ದಾರಿ ಕುಳಿತಿರಲಾಗಲಿಲ್ಲ. ಎದ್ದು ಬಾಗಿಲಲ್ಲಿ ಕಂಬಿ ಹಿಡಿದು ನಿಂತೆ. ಮನೆ ಮುಟ್ಟಿದವನೇ ಶಾಲು ಮೂಲೆಗೆಸೆದು ಪತ್ರ ಬರೆದೆ. ಪಾಲಕರಿಗೆ ಸೂಚನೆ ಮುಟ್ಟಿರಲಿಲ್ಲ. ಒತ್ತಿದ ಗುರುತಿಗೂ ಓದಿದ್ದಕ್ಕೂ ಸಂಬಂಧವಿಲ್ಲ. ಹೆಸರು ಹಾಕಿ ಅವಮಾನಿಸುವ ಪದ್ಧತಿಯಿಂದ ಪಾಲಕರು ಓದದೆಯೇ ಒತ್ತುವುದನ್ನು ಕಲಿತರು. ವರ್ಷವಿಡೀ ಕಳಿಸಿದ ನೂರಕ್ಕೆ ನೂರು ಸುಳ್ಳು, ಇದಕ್ಕೆ ನಾನೊಬ್ಬನೇ ಹೊಣೆ. ಮುಖ್ಯೋಪಾಧ್ಯಾಯರ ಮನೆಗೆ ಹೋಗಿ ಸಹಿ ಹಾಕಿಸಿದೆ. ಅವರು ಪೂರ್ತಿ ಓದಿಯೇ ಹಾಕಿದರು.

ಶುಕ್ರವಾರ ಮೊದಲ ಬಸ್ಸಿಗೇ ಹಾವೇರಿಗೆ ಹೊರಟೆ. ಆಯ್ಕೆಯ ಅಧಿಕಾರಿ ಹತ್ತೂವರೆಗೆ ಬಂದರು. ಪತ್ರವನ್ನು ಎರಡು ಸಲ ಓದಿದರು.

"ಇದನ್ನ ನಿನ್ನೆ ತಂದಿದ್ರ ಆಗ್ತಿತ್ತು ಸರ್" ಎಂದರು. "ಎರಡನೇ ಪಟ್ಟಿ ಒಂಬತ್ತಕ್ಕ ಹೋತು. ಇಕಿ ಜಾಗಾಕ್ಕ ಬ್ಯಾರೆ ಹುಡುಗಿ ಬಂದಾಳ. ಅಕಿದು ತಪ್ಪೇನೈತಿ, ತಗೀಲಿಕ್ಕೆ?"

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆಯನ್ನು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ. ಬಾಗಿಲು ಹಾಕಿದವನ ಹೊಟ್ಟೆಯಲ್ಲಿ ಏನಾಗುತ್ತದೆಂದು ಗಾದೆ ಹೇಳುವುದಿಲ್ಲ.

ಪತ್ರ ಹೇಗೋ ಮೇಲಿನವರೆಗೂ ಹೋಯಿತು. ನನಗೆ ಕಾರಣ ಕೇಳಿ ನೋಟಿಸ್ ಬಂತು, ಉತ್ತರ ಕೊಟ್ಟೆ, ತರಬೇತುದಾರರ ಪಟ್ಟಿಯಿಂದ ನನ್ನನ್ನು ಕೈಬಿಟ್ಟರು. ತಖ್ತೆಯನ್ನು ಮಾತ್ರ ಕೈಬಿಡಲಿಲ್ಲ. ನನ್ನ ಹೆಸರು ತೆಗೆದು ಮಾದರಿಯನ್ನು ಉಳಿಸಿಕೊಂಡರು. ಈಗ ನಾಲ್ಕೂ ತಾಲೂಕಿನಲ್ಲಿ ಸಂಜೆಯಾದರೆ ಹೆಬ್ಬೆರಳುಗಳು ಎದ್ದು ನಿಲ್ಲುತ್ತವೆ ಎಂದು ಕೇಳಿದ್ದೇನೆ.

ನಮ್ಮ ಶಾಲೆಯಲ್ಲಿ ನೋಟಿಸ್ ಪುಸ್ತಕ ಕಪಾಟಿನಿಂದ ಹೊರಬಂತು. ಸಿಪಾಯಿಗೆ ಅಷ್ಟರಲ್ಲಿ ನಿವೃತ್ತಿಯಾಗಿತ್ತು, ಆ ಜಾಗಕ್ಕೆ ಯಾರೂ ಬಂದಿರಲಿಲ್ಲ. ಪುಸ್ತಕವನ್ನು ನಾನೇ ಒಯ್ಯುತ್ತೇನೆ. ಕಣ್ಣಿನ ಪಾಠ ಬಂದಾಗ ಪರದೆಯನ್ನು ಆರಿಸಿ ಸೀಮೆಸುಣ್ಣ ಹಿಡಿದೆ. ಚಿತ್ರ ಮುಗಿಯಿತು, ಯಾರೂ ಏನೂ ಕೇಳಲಿಲ್ಲ. "ಗ್ರೂಪಿಗೆ ಹಾಕ್ರಿ ಸರ್" ಎಂದರು. ಕೇಳುವ ರೂಢಿ ತಪ್ಪಿಸಿದವನೂ ನಾನೇ, ಯಾರನ್ನು ಬೈಯಲಿ?

ಒಂದು ವರ್ಷ ಕಳೆಯಿತು. ಹುಡುಗಿ ಎಲ್ಲಿಯೂ ಸೇರಿರಲಿಲ್ಲ. ಈ ವರ್ಷದ ಆಯ್ಕೆಗಾದರೂ ಅವಳನ್ನು ಪರಿಗಣಿಸಬೇಕೆಂದು ನಾನು ಆ ಕಾಲೇಜಿಗೆ ಮೂರು ಸಲ ಬರೆದಿದ್ದೆ. ಮೇ ತಿಂಗಳಲ್ಲಿ ಉತ್ತರ ಬಂತು. ಅದನ್ನು ನೋಟಿಸ್ ಪುಸ್ತಕದಲ್ಲಿ ನನ್ನ ಕೈಯಾರೆ ಬರೆದುಕೊಂಡು ಅವರ ಮನೆಗೆ ಹೋದೆ.

"ಬರ್ರಿ ಸರ್, ಕುಂದರ್ರಿ" ಎಂದ ಅಪ್ಪ. ಹುಡುಗಿ ಪಡಸಾಲೆಯಲ್ಲಿ ಎಲೆ ಎಣಿಸಿ ಕಟ್ಟು ಕಟ್ಟುತ್ತಿದ್ದಳು. ಸಿಪಾಯಿ ಬಾಗಿಲಲ್ಲಿ ನಿಂತೇ ಓದುತ್ತಿದ್ದ, ನಾನೂ ನಿಂತೇ ಓದಿದೆ. "ಆಯಾ ವರ್ಷ ಹತ್ತನೇ ತರಗತಿ ಉತ್ತೀರ್ಣರಾದವರಿಗೆ ಮಾತ್ರ ಪ್ರವೇಶ. ಹಿಂದಿನ ವರ್ಷದವರನ್ನು ಪರಿಗಣಿಸಲು ನಿಯಮದಲ್ಲಿ ಅವಕಾಶವಿಲ್ಲ." ಕಡೆಯ ಸಾಲನ್ನು ಮತ್ತೊಮ್ಮೆ ಓದಿದೆ.

ಅಪ್ಪ ಸಹಿಗೆ ಕೈ ಚಾಚಿದ. ನಾನು ಪುಸ್ತಕ ಕೊಡಲಿಲ್ಲ. ಅದಕ್ಕೆ ಮೊದಲು ಕೇಳಬೇಕಾದದ್ದೊಂದಿತ್ತು, ಅದನ್ನು ಬಿಟ್ಟದ್ದಕ್ಕೇ ಇಷ್ಟೆಲ್ಲ ಆದದ್ದು. ಅದನ್ನೇ ಕೇಳಿದೆ.

"ಏನ್ ತಿಳೀತು ಹೇಳ್ರಿ."

ಅಪ್ಪ ಮಗಳ ಕಡೆ ನೋಡಿದ. ಅವಳು ಕೈಯಲ್ಲಿದ್ದ ಕಟ್ಟನ್ನು ಬಾಳೆನಾರಿನಿಂದ ಬಿಗಿದು ಬುಟ್ಟಿಗೆ ಹಾಕಿದಳು. ಸೆರಗಿಗೆ ಕೈ ಒರೆಸಿಕೊಂಡು, ವರ್ಗದಲ್ಲಿ ನಿಲ್ಲುತ್ತಿದ್ದಂತೆಯೇ ಎದ್ದು ನಿಂತಳು.

"ನಂದು ಮುಗೀತು ಅಂತ ತಿಳೀತ್ರಿ ಸರ್."

ಸರಿಯಾಗಿ ಹೇಳಿದ್ದಳು. ಮತ್ತೆ ಓದುವ ಅಗತ್ಯವಿರಲಿಲ್ಲ. ನಾನು ಪುಸ್ತಕ ಚಾಚಿದೆ, ಅಪ್ಪ ಬಲದಿಂದ ಎಡಕ್ಕೆ ಉರ್ದುವಿನಲ್ಲಿ ಸಹಿ ಹಾಕಿದ.